ಹಿಂದುಮುಂದಿಲ್ಲದ ದೋಣಿ

ನಮ್ಮ ಆನೆಗೊಂದಿಯ ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್, ಚರ್ಮ ಹೊದಿಸಿದ ಈ ಬುಟ್ಟಿಗಳಲ್ಲಿ ಜನ, ಬೇಕಾದರೆ ಎತ್ತು ಕುದುರೆಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1521ರ ಮಾರ್ಚಿನಲ್ಲಿ, ನಾವಿಕ ಮೆಗಲನ್ನನ ಜೊತೆಗಿದ್ದ ಪಿಗಾಫೆಟ್ಟ ಪೆಸಿಫಿಕ್ಕಿನ ಗುವಾಮ್ ಬಳಿ ಇನ್ನೊಂದು ಬೆರಗು ಕಂಡ: ಅಲ್ಲಿಯವರು ದೋಣಿಯ ಹಿಂದಲೆಯನ್ನೇ ಮುಂದಲೆ ಮಾಡಿಕೊಂಡು ಹೊರಟುಬಿಡುತ್ತಿದ್ದರು. ಅಂಥ ದೋಣಿಗೆ ಪ್ರೋವಾ ಎನ್ನುತ್ತಾರೆ. ಆಕ್ಲೆಂಡಿನ ನಮ್ಮ ಗ್ಯಾರೇಜಿನಲ್ಲಿ ಈಗ ಅಂಥದ್ದೊಂದು ಎದ್ದು ನಿಂತಿದೆ. ಕಾರು ಬೀದಿಪಾಲಾಗಿದೆ.

ಫೋಟೊ ನೋಡಿದ ಗಂಗಾವತಿಯ ಕಾಕಾ ಕೇಳಿದ್ದು ಒಂದೇ: "ತೇಲೂ ದಿಮ್ಮಿ ಒಂದ ಕಡಿಗೆ ಯಾಕ ಕಟ್ಟೀಯೋ ತಮ್ಮಾ? ಇನ್ನೊಂದ ಕಡಿದು ಮರ್ತೇನು?"

"ಇಲ್ರೀ ಕಾಕಾ, ಅದು ಇರೋದ ಹಂಗ."

ದೊಡ್ಡ ಒಡಲು ಒಂದು, ಪಕ್ಕದಲ್ಲಿ ಸಣ್ಣ ದಿಮ್ಮಿ ಒಂದು, ನಡುವೆ ಎರಡು ಅಡ್ಡತೊಲೆ. ದಿಮ್ಮಿ ಯಾವತ್ತೂ ಗಾಳಿ ಬರುವ ಕಡೆಗೇ ಇರಬೇಕು. ಹಾಯಿ ದೋಣಿಯನ್ನು ಆಚೆ ವಾಲಿಸಲು ನೋಡಿದರೆ ಈ ದಿಮ್ಮಿಯ ಭಾರ ಈಚೆ ಜಗ್ಗಿ ಹಿಡಿಯುತ್ತದೆ. ಹಾಗಾದರೆ ದಿಕ್ಕು ಬದಲಿಸುವುದು ಹೇಗೆ? ಉಳಿದ ಹಾಯಿದೋಣಿಗಳಂತೆ ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸಿ ತಿರುಗಿಸಿದರೆ ದಿಮ್ಮಿ ಆಚೆ ಪಕ್ಕಕ್ಕೆ ಹೋಯಿತು, ಕೆಟ್ಟಿತು. ಅದಕ್ಕೇ ದೋಣಿಯನ್ನು ತಿರುಗಿಸುವುದೇ ಇಲ್ಲ. ಜಂಕ್ಷನ್ನಿನಲ್ಲಿ ಇಂಜಿನ್ ಬಿಚ್ಚಿ ಕೊನೆಯ ಬೋಗಿಗೆ ಜೋಡಿಸಿ ರೈಲು ಬಂದ ಕಡೆಗೇ ಹೊರಡಿಸುತ್ತಾರಲ್ಲ, ಹಾಗೆ. ಹಾಯಿಯ ಹಗ್ಗ ಸಡಿಲಿಸಿ, ಅದರ ಕೆಳಮೂಲೆಯನ್ನು ಈ ತುದಿಯಿಂದ ಆ ತುದಿಗೆ ಒಯ್ದು, ಕಂಬವನ್ನು ಅತ್ತ ಓರೆ ಮಾಡಿ, ಚುಕ್ಕಾಣಿಯ ಹುಟ್ಟನ್ನು ಇತ್ತ ತಂದು, ಮತ್ತೆ ಹಗ್ಗ ಜಗ್ಗಿದರೆ ಹೊಸ ಮೂತಿ.

ನನ್ನ ಪ್ರಕಾರ ಈ ದೋಣಿಯ ಅಸಲಿ ಕೆಲಸ ಇರುವುದು ಹಗ್ಗದಲ್ಲಿ. ಪ್ಲೈವುಡ್ ಕೊಯ್ದು ಎಪಾಕ್ಸಿ ಅಂಟು ಬಳಿಯುವುದನ್ನು ತಾಳ್ಮೆಯಿದ್ದವರು ಯಾರೂ ಮಾಡಿಯಾರು. ಪಕ್ಕದ ಮನೆಯಲ್ಲಿ ಪೆಸಿಫಿಕ್ಕಿನ ದ್ವೀಪದೇಶ ಕಿರಿಬಾಸಿನ (ಕಿರಿಬಾಟಿ) ಹಿರಿಯರೊಬ್ಬರಿದ್ದಾರೆ. ಅಡ್ಡತೊಲೆಗೆ ಸ್ಟೀಲ್ ಬೋಲ್ಟ್ ತಂದಿಟ್ಟಿದ್ದೆ, ಸುಮ್ಮನೆ ಎತ್ತಿ ಡಬ್ಬಿಗೆ ಹಾಕಿದರು. ಬೋಲ್ಟಾದರೆ ಅಲೆಯ ಪೆಟ್ಟನ್ನೆಲ್ಲ ತೂತಿನ ಸುತ್ತಲ ಕಟ್ಟಿಗೆಯೇ ತಿನ್ನಬೇಕು. ಹಗ್ಗದ ಕಟ್ಟು ತುಸು ಬಳುಕಿ ಅದನ್ನು ಹಂಚಿಬಿಡುತ್ತದೆ. ಅವರ ದ್ವೀಪಗಳಲ್ಲಿ ಇದಕ್ಕೆ ತೆಂಗಿನ ನಾರಿನ ಹುರಿ, ನಮಗೆ ಪಾಲಿಯೆಸ್ಟರ್. ಗಾಳಿ ಒಂದೇ ಪಕ್ಕದಿಂದ ಬರುವುದರಿಂದ ಕಂಬದ ಅಡ್ಡಬಿಗಿತಕ್ಕೆ ದಿಮ್ಮಿಯ ಕಡೆಗಷ್ಟೇ ಹಗ್ಗ. ಆಚೆ ಪಕ್ಕ ಬಯಲು, ಹಾಯಿ ಆರಾಮಾಗಿ ಓಡಾಡಬಹುದು.

ಒಡಲಿನ ಆಕಾರದಲ್ಲೂ ಜಾಣತನವಿದೆ. ದಿಮ್ಮಿ ನೀರಲ್ಲಿ ಎಳೆಯುವುದರಿಂದ ದೋಣಿಯ ಮೂತಿ ಅತ್ತ ತಿರುಗುತ್ತಿರುತ್ತದೆ. ಅದನ್ನು ಸರಿದೂಗಿಸಲು ಗುವಾಮ್ ಸುತ್ತಲಿನ ಮೈಕ್ರೊನೇಷ್ಯಾ ದ್ವೀಪಗಳವರು ಒಡಲನ್ನು ದಿಮ್ಮಿಯ ಕಡೆ ಉಬ್ಬಾಗಿ, ಆಚೆ ಕಡೆ ಚಪ್ಪಟೆಯಾಗಿ ಕೆತ್ತುತ್ತಿದ್ದರು. 1742ರಲ್ಲಿ ಅಲ್ಲಿನ ಟಿನಿಯನ್ ದ್ವೀಪದಲ್ಲಿ ಇಂಥದ್ದೊಂದನ್ನು ಬಿಚ್ಚಿ ಅಳೆದ ಇಂಗ್ಲಿಷ್ ಕಮೊಡೋರ್ ಆನ್ಸನ್ನನ ಜನ, ಒಳ್ಳೆ ಗಾಳಿಗೆ ಗಂಟೆಗೆ 20 ಮೈಲಿಯ ಹತ್ತಿರ ಓಡೀತೆಂದು ಅಂದಾಜಿಸಿದ್ದರು.

ಭಯವಿರುವುದು ಗಾಳಿ ಫಕ್ಕನೆ ತಪ್ಪು ಪಕ್ಕಕ್ಕೆ ಹೊರಳಿದಾಗ. ಆಗ ಹಾಯಿ ಕಂಬಕ್ಕೆ ಅಪ್ಪಳಿಸುತ್ತದೆ, ಬಿಗಿದ ಹಗ್ಗ ಸಡಿಲಾಗುತ್ತದೆ, ದಿಮ್ಮಿ ನೀರಲ್ಲಿ ಮುಳುಗತೊಡಗುತ್ತದೆ. ಅಮೆರಿಕದ ರಸೆಲ್ ಬ್ರೌನ್ ತಮ್ಮ ಪ್ರೋವಾಗಳಲ್ಲಿ ಒಡಲಿನ ಆಚೆ ಪಕ್ಕಕ್ಕೆ ಗಾಳಿತುಂಬಿದ ಉಬ್ಬೊಂದನ್ನು ಸೇರಿಸಿದ್ದು ಇದಕ್ಕೇ: ಅಡಿಮೇಲಾಗುವ ಮೊದಲು ಅದು ನೀರಿಗೆ ತಾಗಿ ತಡೆಯುತ್ತದೆ. ನಮ್ಮದಕ್ಕೂ ಒಂದು ಕೂರಿಸುತ್ತಿದ್ದೇವೆ. ಕಂಬ ಒಳಗೆ ಬೀಳದಂತೆ ದಿಮ್ಮಿಯ ಕಡೆಯಿಂದ ಬಿದಿರಿನ ಊರುಗೋಲನ್ನೂ ಕೊಟ್ಟಿದ್ದೇವೆ.

ಇದನ್ನು ಮುನಿರಾಬಾದಿನ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ತಾರೋ ಅಂತ ಕಾಕಾನ ಹಟ. ಜಲಾಶಯ ತುಂಬಿದಾಗ ನೀರಿನ ಹರವು 378 ಚದರ ಕಿಲೋಮೀಟರ್. ತುದಿ ಬದಲಿಸುವಷ್ಟು ಹೊತ್ತು ದೋಣಿ ಅಡ್ಡಡ್ಡ ಸರಿಯುತ್ತದೆ, ಅಷ್ಟು ಜಾಗ ಅಲ್ಲಿ ಧಾರಾಳ. ಆದರೆ ಕುಕನೂರು, ಯಲಬುರ್ಗಾದ ಗಾಳಿವಿದ್ಯುತ್ತಿನ ಫ್ಯಾನುಗಳನ್ನು ತಿರುಗಿಸುವ ಆಷಾಢದ ಗಾಳಿಗೆ ಹೊಸಬರು ಇಳಿಯುವುದು ಬೇಡ. ದಸರೆ ಮುಗಿಯಲಿ ಅಂದಿದ್ದೇನೆ.