ಮಾರ್ಚ್ 14, 2024, ಗುರುವಾರ: ಕುರಿಗಾಹಿ ಬಾಯಿ ಬಿಡುವ ಮುನ್ನ

“ಎಲ್ಲ ಮೊದಲೇ ಬರೆದಿತ್ತಲ್ಲ ಸರ್, ಪಾಪ ಈಡಿಪಸ್ ಏನು ಮಾಡೋಕಾಗ್ತಿತ್ತು?” ಸೊಫೊಕ್ಲೀಸ್‌ನ ಗ್ರೀಕ್ ನಾಟಕ ‘ದೊರೆ ಈಡಿಪಸ್’ ಓದಿಸುತ್ತಿದ್ದ ತರಗತಿ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿಯಿಂದ ಬಂದ ಪ್ರಶ್ನೆ ರಾತ್ರಿಯಾದರೂ ತಲೆಯಿಂದ ಇಳಿದಿಲ್ಲ.

ತೊಡಕಿರುವುದು ‘ಬರೆದಿತ್ತು’ ಎಂಬಲ್ಲೇ. ಅದು ನಮ್ಮ ಹಣೆಬರಹದ ಮಾತು. ಗ್ರೀಕರ ‘ಮೊಯಿರಾ’ ಅಂದರೆ ಪಾಲು. ‘ಪಾಲಿಗೆ ಬಂದದ್ದು’ ಅಂತೀವಲ್ಲ, ಅದು ಹೆಚ್ಚು ಹತ್ತಿರ. ಹಿಂದಿನ ಜನ್ಮದ ಕರ್ಮದ ಲೆಕ್ಕ ಈ ನಾಟಕದಲ್ಲಿಲ್ಲ.

ಅಪೊಲೊ ದೇವರ ವಾಣಿ ನುಡಿಯುವ ದೆಲ್ಫಿಯಲ್ಲಿ ಈಡಿಪಸ್ ಕೇಳಿಸಿಕೊಂಡದ್ದು ತಾನು ತಂದೆಯನ್ನು ಕೊಲ್ಲುವುದು, ತಾಯಿಯನ್ನು ಕೂಡುವುದು. ಎರಡೂ ನಾಟಕ ಶುರುವಾಗುವ ಎಷ್ಟೋ ವರ್ಷ ಮುಂಚೆಯೇ ಆಗಿಹೋಗಿವೆ. ಸೊಫೊಕ್ಲೀಸ್ ರಂಗಕ್ಕೆ ತಂದದ್ದು ಆಮೇಲಿನ ಒಂದೇ ದಿನವನ್ನು. ಆ ದಿನದ ಒಂದೊಂದು ಹೆಜ್ಜೆಯೂ ಈಡಿಪಸ್‌ನದೇ. ಹಿಂದಿನ ದೊರೆಯನ್ನು ಕೊಂದವನು ಯಾರೆಂದು ಹುಡುಕುತ್ತಾ, ಆ ಕೊಲೆಗಾರನಿಗೆ ತಾನೇ ಶಾಪ ಹಾಕುತ್ತಾನೆ. ಮನೆಗೆ ಕಳಿಸಿಬಿಡು ಎಂದ ಕುರುಡ ಕಣಿಗಾರ ಟೈರೀಸಿಯಸ್‌ನನ್ನು ಕೆಣಕಿ ಬಾಯಿ ಬಿಡಿಸುತ್ತಾನೆ. ಹೆಂಡತಿ ಜೊಕಾಸ್ಟಳಿಗೆ ಇವನು ತನ್ನ ಮಗನೇ ಎಂದು ಹೊಳೆದುಹೋಗುತ್ತದೆ. ಇನ್ನು ಕೆದಕಬೇಡ ಎಂದು ಅಂಗಲಾಚಿದರೂ ಇವನು ಕೇಳುವುದಿಲ್ಲ. ಇವನ ಹುಟ್ಟಿನ ಗುಟ್ಟು ಬಲ್ಲ ಮುದಿ ಕುರಿಗಾಹಿ ಹಿಂಜರಿದರೆ ಅವನ ಕೈಗಳನ್ನು ಹಿಂದಕ್ಕೆ ತಿರುಚಲು ಹೇಳುತ್ತಾನೆ.

ಭಯಂಕರವಾದದ್ದನ್ನು ಹೇಳುವ ಅಂಚಿಗೆ ಬಂದೆನಲ್ಲ, ಎನ್ನುತ್ತಾನೆ ಕುರಿಗಾಹಿ. ನಾನು ಕೇಳುವ ಅಂಚಿಗೆ, ಆದರೂ ಕೇಳಲೇಬೇಕು, ಎನ್ನುತ್ತಾನೆ ಈಡಿಪಸ್.

ಆ ‘ಕೇಳಲೇಬೇಕು’ ಯಾವ ದೈವವಾಣಿಯಲ್ಲೂ ಇರಲಿಲ್ಲ. ಹೌದು, ಈ ದಿನವೇ ನಿನ್ನನ್ನು ಹುಟ್ಟಿಸಿ ಹಾಳುಮಾಡುತ್ತದೆ, ನೀನು ಕುರುಡನಾಗುತ್ತೀ ಎಂದು ಟೈರೀಸಿಯಸ್ ನುಡಿದಿದ್ದ. ಆದರೆ ಆ ಕಣ್ಣಿಲ್ಲದ ಮುದುಕ ಕಂಡದ್ದನ್ನು ನುಡಿದನೇ ಹೊರತು ಕೈ ಹಿಡಿದು ಮಾಡಿಸಲಿಲ್ಲ.

ಗೈಡುಗಳಲ್ಲಿ ‘ಹಮಾರ್ತಿಯಾ’ ಅಂದರೆ ಸ್ವಭಾವದ ದೋಷ, ಅಹಂಕಾರ ಎಂದು ಅಚ್ಚಾಗುವುದು ನೋಡಿದರೆ ಸಂಕಟವಾಗುತ್ತದೆ. ದುರಂತ ನಾಯಕನನ್ನು ಬೀಳಿಸುವ ತಪ್ಪಿಗೆ ಅರಿಸ್ಟಾಟಲ್ ಬಳಸಿದ ಆ ಪದದ ಬೇರು ಗುರಿ ತಪ್ಪುವುದರಲ್ಲಿದೆ. ಮೂರು ದಾರಿ ಕೂಡುವಲ್ಲಿ ಗಾಡಿಯವನು ಇವನನ್ನು ದಾರಿಯಿಂದ ತಳ್ಳಿದ, ಮೇಲೆ ಕೂತ ಮುದುಕ ಕವಲು ಮುಳ್ಳುಗೋಲಿನಿಂದ ತಲೆಗೆ ಹೊಡೆದ, ಇವನು ತಿರುಗಿ ಹೊಡೆದು ಕೊಂದ. ಸಿಟ್ಟು ಇತ್ತು, ಒಪ್ಪಿದೆ. ಆ ಮುದುಕ ತಂದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕೊನೆಗೆ ಈಡಿಪಸ್ ತಾನೇ ಕಣ್ಣು ಚುಚ್ಚಿಕೊಂಡು ರಕ್ತ ಸುರಿಯುವ ಕಣ್ಣುಗಳಲ್ಲಿ ಹೊರಬಂದಾಗ ಮೇಳ ಕೇಳುವುದೂ ನಮ್ಮ ಹುಡುಗಿಯ ಪ್ರಶ್ನೆಯನ್ನೇ: ಯಾವ ದೈವ ನಿನ್ನಿಂದ ಇದನ್ನು ಮಾಡಿಸಿತು? ಅಪೊಲೊ, ಗೆಳೆಯರೇ, ಅಪೊಲೊ, ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಹೊಡೆದ ಕೈ ಮಾತ್ರ ಬೇರಾರದ್ದೂ ಅಲ್ಲ, ನನ್ನದೇ.

ನಾಳೆ ಈ ಸಾಲುಗಳನ್ನೇ ಮೊದಲು ಓದಿಸಬೇಕು. ಇಲ್ಲ, ಕುರಿಗಾಹಿಯ ದೃಶ್ಯದಿಂದಲೇ ಶುರುಮಾಡಿ, ಆ ‘ಕೇಳಲೇಬೇಕು’ ಹತ್ತಿರ ನಿಲ್ಲಿಸಿ...