ರೋಮ್‌ಗೆ ಹೊರಟವರಿಗೆ: ಮೊದಲು ವಾರದ ಲೆಕ್ಕ, ಆಮೇಲೆ ಟಿಕೆಟ್

ರೋಮ್ ಪ್ರವಾಸ ಕೆಡುವುದು ಬಹುಮಟ್ಟಿಗೆ ವಾರದ ಲೆಕ್ಕ ತಪ್ಪುವುದರಿಂದ. ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆಯುತ್ತಾರೆ, ಅವತ್ತಿನ ಸಾಲು ನೋಡಿದರೆ ಒಳಗೆ ಹೋಗುವ ಆಸೆಯೇ ಹೋಗುತ್ತದೆ. ಸೋಮವಾರ ಬೋರ್ಗೀಸೆ ಕಲಾ ಗ್ಯಾಲರಿಗೂ ಹಳೆಯ ಬಂದರು ಪಟ್ಟಣದ ಅವಶೇಷಗಳಿರುವ ಓಸ್ತಿಯಾ ಆಂತಿಕಾಕ್ಕೂ ರಜೆ. ಹಿಂದಿನ ದಿನ ಮುಚ್ಚಿದ್ದರಿಂದ ಸೋಮವಾರ ಎಲ್ಲರೂ ವ್ಯಾಟಿಕನ್‌ಗೇ ನುಗ್ಗುತ್ತಾರೆ. ಬುಧವಾರ ಬೆಳಿಗ್ಗೆ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಅವರ ಸಾರ್ವಜನಿಕ ದರ್ಶನವಿದ್ದರೆ ಅಲ್ಲಿನ ದೊಡ್ಡ ಚರ್ಚು ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗೆ ಮಧ್ಯಾಹ್ನದವರೆಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಆದ್ದರಿಂದ ವಿಮಾನದ ದರ ಹುಡುಕುವ ಮೊದಲೇ ಒಂದು ಹಾಳೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಬರೆದುಕೊಂಡು, ಯಾವ ಬೆಳಿಗ್ಗೆ ಎಲ್ಲಿ ಎಂದು ಗುರುತು ಹಾಕಿ. ವ್ಯಾಟಿಕನ್‌ಗೆ ಮಂಗಳವಾರ ಅಥವಾ ಗುರುವಾರ ಒಳ್ಳೆಯದು. ನಗರಕ್ಕೆ ನಾಲ್ಕು ಪೂರ್ತಿ ದಿನ ಬೇಕು. ಮೂರೇ ದಿನವಾದರೆ ಒಂದು ಮ್ಯೂಸಿಯಂ ಕೈಬಿಡಿ, ಎಲ್ಲವನ್ನೂ ತುರುಕಬೇಡಿ.

ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಹವೆ ಹಿತವಾಗಿರುತ್ತದೆ. ಶಾಲೆಯ ರಜೆ ಎಂದು ಮೇ ಮೊದಲ ವಾರದಲ್ಲಿ ಹೋಗುವವರಿಗೂ ತೊಂದರೆಯಿಲ್ಲ. ಜುಲೈ-ಆಗಸ್ಟ್ ಬೇಡ: ಬಿಸಿಲು 35 ಡಿಗ್ರಿ ದಾಟುತ್ತದೆ, ಪ್ರಾಚೀನ ರೋಮ್‌ನ ಅವಶೇಷಗಳಿರುವ ಫೋರಂನಲ್ಲಿ ನೆರಳು ಕಡಿಮೆ. ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಸಣ್ಣ ಹೋಟೆಲು, ಅಂಗಡಿಗಳ ಮಾಲೀಕರೇ ಊರು ಬಿಟ್ಟಿರುತ್ತಾರೆ.

ಇಟಲಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು. ಹಲವು ದೇಶ ಸುತ್ತುವುದಾದರೆ ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿಯಲ್ಲಿ ಎಡವುವುದು ಹೊಂದಾಣಿಕೆಯಲ್ಲಿ. ಕಚೇರಿಯ ರಜೆ ಪತ್ರದಲ್ಲಿ ಒಂದು ದಿನಾಂಕ, ರೂಮ್ ಬುಕಿಂಗ್‌ನಲ್ಲಿ ಇನ್ನೊಂದು, ನಡುವೆ ಎಲ್ಲಿ ತಂಗುತ್ತೀರೆಂದು ಹೇಳದ ಒಂದು ರಾತ್ರಿ. ಅರ್ಜಿಗೆ ವಾರವಿರುವಾಗ ಖಾತೆಗೆ ಬಂದು ಬಿದ್ದ ದೊಡ್ಡ ಮೊತ್ತವೂ ಪ್ರಶ್ನೆ ಎಬ್ಬಿಸುತ್ತದೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ.

ಈಗ ಗಡಿಯಲ್ಲಿ ಮುಖದ ಚಿತ್ರ ತೆಗೆದು ಕಂಪ್ಯೂಟರಿಗೆ ಸೇರಿಸುತ್ತಾರೆ, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡುತ್ತಾರೆ; 2025ರ ಅಕ್ಟೋಬರ್‌ನಲ್ಲಿ ಶುರುವಾದ ವ್ಯವಸ್ಥೆ ಇದು. ಜರ್ಮನಿಯೂ ಷೆಂಗೆನ್ ಗುಂಪಿನದ್ದೇ ಆದ್ದರಿಂದ ಫ್ರಾಂಕ್‌ಫರ್ಟ್ ಮೂಲಕ ಹೋಗುವವರಿಗೆ ಈ ತಪಾಸಣೆ ರೋಮ್‌ನಲ್ಲಲ್ಲ, ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ. ಒಂದೂಕಾಲು ಗಂಟೆಯಲ್ಲಿ ಮುಂದಿನ ವಿಮಾನವಿರುವ ಟಿಕೆಟ್ ಅಗ್ಗವೆಂದು ಕೊಳ್ಳಬೇಡಿ. ದೋಹಾ, ದುಬೈ, ಅಬುಧಾಬಿ ಮೂಲಕವಾದರೆ ಈ ಕೆಲಸ ರೋಮ್‌ನಲ್ಲೇ ಮುಗಿಯುತ್ತದೆ.

ವೀಸಾ ಬೇಗ ಬೇಕೆನ್ನುವುದಕ್ಕೆ ಒಂದು ಕಾರಣವಿದೆ. ಕೊಲೋಸಿಯಂ ಟಿಕೆಟ್ ಮಾರಾಟ ತೆರೆಯುವುದು ಭೇಟಿಗೆ 30 ದಿನ ಮೊದಲು. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ನಮ್ಮಲ್ಲಿ ಇನಿಷಿಯಲ್ ಬಳಸುವವರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಬಿಡಿಸಿ ಬರೆಯಬೇಕು. 18 ಯೂರೋ ಟಿಕೆಟ್‌ನಲ್ಲಿ ಕೊಲೋಸಿಯಂ, ಫೋರಂ, ಪ್ಯಾಲಟೈನ್ ಗುಡ್ಡ ಮೂರೂ ಸೇರಿವೆ. ನೆಲಮಾಳಿಗೆ ಮತ್ತು ಅಖಾಡದ ನೆಲಕ್ಕೆ ಇಳಿಯುವ ಟಿಕೆಟ್ ಬೇರೆ, ಅದು ಬಲು ಬೇಗ ಖಾಲಿಯಾಗುತ್ತದೆ. 18 ವರ್ಷದೊಳಗಿನವರಿಗೆ ಉಚಿತವಾದರೂ ಅವರ ಹೆಸರಿನಲ್ಲೂ ಟಿಕೆಟ್ ತೆಗೆಯಲೇಬೇಕು. ಸರ್ಕಾರಿ ತಾಣದಲ್ಲಿ ಟಿಕೆಟ್ ಇಲ್ಲವೆಂದಾಗ ಎರಡು ಮೂರು ಪಟ್ಟು ಬೆಲೆಗೆ ಮಾರುವ ತಾಣಗಳು ಮುಂದೆ ಬರುತ್ತವೆ. ಕೊಳ್ಳಲೇಬೇಕಾದರೆ ಗೈಡ್ ಸಮೇತ ಇರುವುದನ್ನು ಕೊಳ್ಳಿ, ಕೊಟ್ಟ ಹಣಕ್ಕೆ ಏನಾದರೂ ಸಿಗುತ್ತದೆ. ದೊಡ್ಡ ಬ್ಯಾಗು, ಸೂಟ್‌ಕೇಸು ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವ ವ್ಯವಸ್ಥೆಯೂ ಅಲ್ಲಿಲ್ಲ. ರೂಮ್ ಖಾಲಿ ಮಾಡಿದ ದಿನ ಕೊಲೋಸಿಯಂ ಇಟ್ಟುಕೊಳ್ಳಬೇಡಿ.

ಬೆಳಗಿನ ಮೊದಲ ಹೊತ್ತಿಗೆ ಕೊಲೋಸಿಯಂ ಮುಗಿಸಿ ಫೋರಂಗೆ ಇಳಿಯಿರಿ. ಅಲ್ಲಿ ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ಕಟ್ಟಡದ ಬೃಹತ್ ಕಮಾನುಗಳ ಕೆಳಗೆ, ಅವನಿಗಿಂತ ಮೊದಲು, ಕ್ರಿಸ್ತಶಕ ಮೊದಲ ಶತಮಾನದಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಮೆಣಸಿನ ಉಗ್ರಾಣದ ಅವಶೇಷವಿದೆ. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಹಡಗಿನಲ್ಲಿ ಈ ಊರಿಗೆ ಹೋಗುತ್ತಿದ್ದ ಕಾಲ ಅದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನು ಬಲ್ಲವರು ಈ ಜಾಗದಲ್ಲಿ ಐದು ನಿಮಿಷ ನಿಲ್ಲದೆ ಮುಂದೆ ಹೋಗಬಾರದು.

ವ್ಯಾಟಿಕನ್ ಮ್ಯೂಸಿಯಂ ಟಿಕೆಟ್ 20 ಯೂರೋ, ಆನ್‌ಲೈನ್ ಬುಕಿಂಗ್‌ಗೆ ಮತ್ತೆ 5. ಆ ಐದು ಯೂರೋ ಉಳಿಸಲು ಹೋಗಿ ಗೋಡೆಯ ಪಕ್ಕ ಎರಡು ಗಂಟೆ ನಿಲ್ಲಬೇಡಿ. ಮ್ಯೂಸಿಯಂ ಬಾಗಿಲು ಸೇಂಟ್ ಪೀಟರ್ಸ್ ಚೌಕದಲ್ಲಿಲ್ಲ, ಗೋಡೆ ಬಳಸಿ ಕಾಲು ಗಂಟೆ ನಡೆದರೆ ಹಿಂಬದಿಯಲ್ಲಿದೆ. ಮೆಟ್ರೋ ಎ ಮಾರ್ಗದ ಒತ್ತಾವಿಯಾನೋ ಅಥವಾ ಚೀಪ್ರೋ ನಿಲ್ದಾಣದಲ್ಲಿ ಇಳಿಯಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಸೀರೆ, ಚೂಡಿದಾರಕ್ಕೆ ಅಡ್ಡಿಯಿಲ್ಲ, ಚಡ್ಡಿ ಹಾಕಿದ ಗಂಡಸರನ್ನು ಬಾಗಿಲಲ್ಲೇ ತಡೆಯುತ್ತಾರೆ. ಮೈಕೆಲ್ಯಾಂಜೆಲೋ 1508ರಿಂದ 1512ರವರೆಗೆ ಬರೆದ ಸಿಸ್ಟೀನ್ ಚಾಪೆಲ್‌ನ ಛಾವಣಿ ದಾರಿಯ ಕೊನೆಯಲ್ಲಿ ಬರುತ್ತದೆ, ಫೋಟೋ ತೆಗೆಯುವಂತಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಗೋಡೆಯ ಬದಿಯ ಕಲ್ಲುಕಟ್ಟೆಯಲ್ಲಿ ಜಾಗ ಸಿಕ್ಕಿದರೆ ಕೂತು ನೋಡಿ. ಬೆಸಿಲಿಕಾಕ್ಕೆ ಹಣವಿಲ್ಲ, ಭದ್ರತಾ ತಪಾಸಣೆಯ ಸಾಲು ಮಾತ್ರ. ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಹತ್ತಿದರೂ 320 ಮೆಟ್ಟಿಲು ಉಳಿಯುತ್ತವೆ, ಕೊನೆಯ ಭಾಗ ಗೋಡೆಯ ಓರೆಗೆ ಬಾಗಿ ಹತ್ತುವಂಥದ್ದು. ಮಂಡಿನೋವಿರುವ ಹಿರಿಯರಿಗೆ ಬೇಡ.

ಬೋರ್ಗೀಸೆ ಗ್ಯಾಲರಿಗೆ ಮುಂಗಡ ಬುಕಿಂಗ್ ಕಡ್ಡಾಯ, ಒಳಗೆ ಎರಡೇ ಗಂಟೆ. ಪ್ರಾಚೀನ ದೇಗುಲ ಪ್ಯಾಂಥಿಯನ್‌ಗೆ 2023ರಲ್ಲಿ 5 ಯೂರೋ ಟಿಕೆಟ್ ಶುರುವಾಯಿತು. 43 ಮೀಟರ್ ಅಗಲದ ಅದರ ಗುಮ್ಮಟದ ನಡುಗಿಂಡಿ ತೆರೆದೇ ಇರುವುದರಿಂದ ಮಳೆ ಬಂದರೆ ಒಳಗೇ ಸುರಿಯುತ್ತದೆ, ನೆಲದ ತೂತುಗಳಲ್ಲಿ ಇಳಿದುಹೋಗುತ್ತದೆ. ಅಲ್ಲಿಂದ ಐದು ನಿಮಿಷ ನಡೆದರೆ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚು. ಹೆಸರಾಂತ ಚಿತ್ರಕಾರ ಕಾರವಾಜ್ಜೋನ ಮೂರು ಚಿತ್ರಗಳು ಅಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಇಂಥ ಚರ್ಚುಗಳು ಮಧ್ಯಾಹ್ನ ಸುಮಾರು ಹನ್ನೆರಡೂವರೆಯಿಂದ ಮೂರೂವರೆವರೆಗೆ ಮುಚ್ಚುವುದು ರೂಢಿ. ಆ ಹೊತ್ತನ್ನು ಊಟಕ್ಕೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು ಚೀಸ್. ರೋಮ್‌ನ ಹೆಸರಾಂತ ಕಾಚೊ ಎ ಪೇಪೆ ಪಾಸ್ತಾದಲ್ಲಿ ಮಾಂಸವಿಲ್ಲ, ಆದರೆ ಅದಕ್ಕೆ ಹಾಕುವ ಪೆಕೊರಿನೊ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದ ಹೆಪ್ಪುಗಟ್ಟಿಸುತ್ತಾರೆ. ಪಾರ್ಮೆಸಾನ್‌ಗೆ ಕರುವಿನದು. ಕಟ್ಟುನಿಟ್ಟಿನವರು ಚೀಸೇ ಇಲ್ಲದ ಮರಿನಾರಾ ಪಿಜ್ಜಾ, ಬೆಳ್ಳುಳ್ಳಿ, ಎಣ್ಣೆಯ ಆಲಿಯೊ ಎ ಓಲಿಯೊ ಪಾಸ್ತಾ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಚಿಕೋರಿಯಾ ಸೊಪ್ಪು ಕೇಳಬಹುದು. ಕುಂಬಳ ಜಾತಿಯ ಹೂವಿನ ಬಜ್ಜಿಯೊಳಗೂ ಪುಂತಾರೆಲ್ಲೆ ಸಲಾಡ್‌ನಲ್ಲೂ ಆಂಚೊವಿ ಮೀನಿರುತ್ತದೆ, ಸುಪ್ಲಿ ಎಂಬ ಅನ್ನದ ಉಂಡೆಯಲ್ಲಿ ಹಲವು ಕಡೆ ಮಾಂಸದ ಸಾರಿರುತ್ತದೆ. 'ಸೆಂಝಾ ಕಾರ್ನೆ, ಸೆಂಝಾ ಪೆಶೆ' (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಿ. ಬೇಳೆ, ಅಕ್ಕಿ, ಮಸಾಲೆ ಬೇಕಾದರೆ ಪಿಯಾಝಾ ವಿತ್ತೋರಿಯೊ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಯಲ್ಲಿ ಸಿಗುತ್ತದೆ. ನೀರಿಗೆ ದುಡ್ಡು ಕೊಡಬೇಡಿ: ಊರಿನುದ್ದಕ್ಕೂ ಇರುವ ನಾಸೋನಿ ನಲ್ಲಿಗಳದ್ದು ಕುಡಿಯುವ ನೀರೇ.

ತಂಗಲು ಮೋಂತಿ ಬಡಾವಣೆಯಾದರೆ ಕೊಲೋಸಿಯಂಗೆ ನಡೆದೇ ಹೋಗಬಹುದು, ಪ್ರಾತಿ ಬಡಾವಣೆಯಾದರೆ ವ್ಯಾಟಿಕನ್‌ಗೆ. ತ್ರಾಸ್ತೇವೆರೆ ಬಡಾವಣೆ ಚಂದ, ಆದರೆ ಮೆಟ್ರೋ ಇಲ್ಲ, ರಾತ್ರಿ ಗದ್ದಲ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿ. ನಗರ ತೆರಿಗೆಯನ್ನು ತಲೆಗೆ, ರಾತ್ರಿಗೆ ಇಷ್ಟು ಎಂದು ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ; ಮೂರು ಸ್ಟಾರ್ ಹೋಟೆಲಿಗೆ 6 ಯೂರೋ, ನಾಲ್ಕಕ್ಕೆ 7.50. ರಸ್ತೆಗಳಿಗೆ ಹಾಸಿದ ಕರಿಕಲ್ಲಿನ ಮೇಲೆ ಸಣ್ಣ ಚಕ್ರದ ಸೂಟ್‌ಕೇಸ್ ಎಳೆಯುವುದು ಕಷ್ಟ, ಹಿಮ್ಮಡಿಯ ಚಪ್ಪಲಿಯಲ್ಲಿ ನಡೆಯುವುದು ಇನ್ನೂ ಕಷ್ಟ.

ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 14 ಯೂರೋ, ನಗರದ ಮುಖ್ಯ ರೈಲು ನಿಲ್ದಾಣ ಟೆರ್ಮಿನಿಗೆ 32 ನಿಮಿಷ. ತ್ರಾಸ್ತೇವೆರೆ, ಓಸ್ತಿಯೆನ್ಸೆ ಕಡೆಗಾದರೆ 8 ಯೂರೋದ ಎಫ್ಎಲ್1 ರೈಲು. ಅದು ಟೆರ್ಮಿನಿಗೆ ಹೋಗುವುದಿಲ್ಲ. ನಗರದೊಳಗೆ 1.50 ಯೂರೋ ಟಿಕೆಟ್ 100 ನಿಮಿಷ ನಡೆಯುತ್ತದೆ, ಆದರೆ ಅದರಲ್ಲಿ ಮೆಟ್ರೋ ಪ್ರಯಾಣ ಒಂದೇ. ಬಸ್ಸಿನಲ್ಲಿ ಕಾಗದದ ಟಿಕೆಟನ್ನು ಯಂತ್ರಕ್ಕೆ ಹಾಕಿ ಮುದ್ರೆ ಒತ್ತಿಸದಿದ್ದರೆ ದಂಡ ಬೀಳುತ್ತದೆ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ಬಸ್ಸಿನಲ್ಲಿ ಜೇಬುಗಳ್ಳರ ಕಾಟವಿದೆ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ, ಬ್ಯಾಗು ಎದೆಯ ಮೇಲಿರಲಿ.

ಇನ್ನೊಂದು ಮಾತು, ಮುಷ್ಕರ. ಬಸ್ಸು, ಮೆಟ್ರೋ, ರೈಲು ನೌಕರರ ಮುಷ್ಕರ ಹೆಚ್ಚಾಗಿ ಶುಕ್ರವಾರವೇ ಬೀಳುತ್ತದೆ, ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. ನಗರ ಸಾರಿಗೆ ಆಗಲೂ ಬೆಳಿಗ್ಗೆ ಎಂಟೂವರೆವರೆಗೆ ಮತ್ತು ಸಂಜೆ ಐದರಿಂದ ಎಂಟರವರೆಗೆ ಓಡುತ್ತದೆ. ವಾಪಸು ವಿಮಾನ ಅಂಥ ದಿನವಿದ್ದರೆ ರೈಲನ್ನು ನಂಬದೆ ಹಿಂದಿನ ರಾತ್ರಿಯೇ ಹೋಟೆಲಿನವರಿಂದ ಬಿಳಿ ಟ್ಯಾಕ್ಸಿ ಹೇಳಿಸಿ. ಹಳೆಯ ನಗರದ ಕೋಟೆಯಾದ ಔರೇಲಿಯನ್ ಗೋಡೆಯೊಳಗಿನಿಂದ ಫಿಯುಮಿಚಿನೊಗೆ ನಿಗದಿತ ದರ 55 ಯೂರೋ; ಅದು ಇಡೀ ಗಾಡಿಗೆ, ತಲೆಗಲ್ಲ, ಸಾಮಾನಿನ ಹಣವೂ ಅದರಲ್ಲೇ ಸೇರಿದೆ.