ಡ್ರಾಯಿಂಗಿನ ಬಲಮೂಲೆ

ವಿಜಯದಶಮಿ ರಜೆ ಮುಗಿಸಿ ಶೆಡ್ಡಿನ ಶಟರ್ ಎತ್ತಿದಾಗ ಒಳಗೆ ಬಾಡಿದ ಚೆಂಡುಹೂವಿನ ವಾಸನೆ. ನೆಲದ ಮೇಲೆ ಕಡ್ಲೆಪುರಿ, ಗೇಟಿನ ಹತ್ತಿರ ಒಡೆದ ಬೂದುಗುಂಬಳದ ಬೀಜ, ಕುಂಕುಮದ ಕಲೆ. ಟೂಲ್ ರ‍್ಯಾಕಿನ ಮೇಲೆ, ಗ್ರೀಸ್ ಡಬ್ಬದ ಪಕ್ಕದಲ್ಲಿ, ಎರಡು ದಿನದ ಹಿಂದೆ ನಾನೇ ಶಾಲು ಹೊದಿಸಿ ಕೊಟ್ಟಿದ್ದ ಗಾಜಿನ ಟ್ರೋಫಿ.

ಅದನ್ನು ಪಡೆದವರು ಮನೆಗೆ ಒಯ್ದಿರಲಿಲ್ಲ.

ಪೀಣ್ಯ 2ನೇ ಹಂತದಲ್ಲಿ ಅಪ್ಪ ಶುರು ಮಾಡಿದ, ಲೇತಿನಲ್ಲಿ ಲೋಹದ ಬಿಡಿಭಾಗ ಕಡೆಯುವ ಸಣ್ಣ ಟರ್ನಿಂಗ್ ಶಾಪ್ ನಮ್ಮದು. ಹದಿನಾಲ್ಕು ಜನ. ಟ್ರೋಫಿ ಪಡೆದವರು ನಮ್ಮ ಹಿರಿಯ ಟರ್ನರ್. ಐಟಿಐ ಮುಗಿಸಿ ಸೇರಿದವರು, ನಾನು ಸ್ಕೂಲ್ ಯೂನಿಫಾರ್ಮ್‌ನಲ್ಲಿ ಶೆಡ್ಡಿಗೆ ಬಂದು ಕಬ್ಬಿಣದ ಸುರುಳಿ ಸಿಪ್ಪೆ ಆರಿಸುತ್ತಿದ್ದ ಕಾಲದಿಂದಲೂ ಇದ್ದಾರೆ. ನನಗೆ ಅವರು ಅಣ್ಣ. ಅವರಿಗೆ ನಾನು, ಎಷ್ಟು ಬೇಡವೆಂದರೂ, ಸಾರ್.

ಅವತ್ತು ಟೀ ಹೊತ್ತಿನಲ್ಲಿ ಕೇಳಿದೆ. "ಅಣ್ಣಾ, ಟ್ರೋಫಿ ಇಲ್ಲೇ ಬಿಟ್ಟಿದ್ದೀರಲ್ಲ?"

"ಬಸ್ಸಲ್ಲಿ ಗಾಜಿನ ಸಾಮಾನು ಸಾರ್. ಒಡೆದೋದ್ರೆ?"

ನೆಲಮಂಗಲದಿಂದ ಬರುವವರು, ಬಸ್ಸು ರಶ್ ಇರುತ್ತದೆ, ನಿಜ. ಆದರೆ ಹೋದ ವರ್ಷ ಇದೇ ಬಸ್ಸಿನಲ್ಲಿ ಅವರು ಮಗಳ ಮದುವೆಗೆ ಎರಡು ಡಜನ್ ಗಾಜಿನ ಲೋಟ ಒಯ್ದಿದ್ದು ನನಗೆ ಗೊತ್ತು. ನಾನು ಸುಮ್ಮನೆ ನಿಂತಿದ್ದು ನೋಡಿ ಅವರೇ ಮಾತು ಮುಂದುವರಿಸಿದರು. "ಮನೇಲಿ ಕೇಳ್ತಾರೆ ಸಾರ್, ಏನಕ್ಕೆ ಕೊಟ್ರು ಅಂತ. ಅದ್ರ ಮೇಲೆ 'ವರ್ಷದ ಉತ್ತಮ ನೌಕರ' ಅಂತ ಬರೆದಿದೆ. ಏನಂತ ಹೇಳ್ಲಿ?"

ಲೋಟ ತೊಳೆದಿಟ್ಟು ಮೆಷಿನ್ ಕಡೆ ಹೋದರು.

ಟ್ರೋಫಿಯ ಐಡಿಯಾ ನನಗೆ ಬಂದದ್ದು ಒಂದು ಸೆಮಿನಾರಿನಿಂದ. ಊಟ ಚೆನ್ನಾಗಿದ್ದ ಸೆಮಿನಾರು. ಕೆಲಸಗಾರರನ್ನು ಗುರುತಿಸಿ, ವೇದಿಕೆ ಕೊಡಿ ಎಂದು ಕೋಟು ಹಾಕಿದವರೊಬ್ಬರು ಹೇಳಿದ್ದರು. ಅಲ್ಲಿಯವರೆಗೆ ನಮ್ಮಲ್ಲಿ ಆಯುಧಪೂಜೆಗೆ ಅರ್ಧ ಕೆಜಿ ಸ್ವೀಟ್ ಬಾಕ್ಸ್, ಒಂದು ಸ್ಟೀಲ್ ಡಬ್ಬಿ, ಬೋನಸ್. ಇಷ್ಟನ್ನು ಕೊಟ್ಟು ನಾನು ಧಾರಾಳಿ ಅಂದುಕೊಂಡಿದ್ದೆ. ಬೋನಸ್ ಧಾರಾಳತನವೇ ಅಲ್ಲ. 1965ರ ಬೋನಸ್ ಕಾಯ್ದೆ ಕನಿಷ್ಠ 8.33 ಪರ್ಸೆಂಟ್ ಅಂತ ಬರೆದಿಟ್ಟಿತ್ತು. ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳದ್ದು. ಕಾನೂನು ಕೊಡಿಸಿದ್ದನ್ನು ನಾನು ಕವರಿನಲ್ಲಿ ಹಾಕಿ, ಅರಿಶಿನ ಕುಂಕುಮ ಹಚ್ಚಿ, ನಗುತ್ತಾ ಕೊಡುತ್ತಿದ್ದೆ, ಅಷ್ಟೇ.

ಅಣ್ಣನ ಜೊತೆ ಕೆಲಸ ಕಲಿಯುವ ಹುಡುಗ ಸಂಜೆ ಚಲನ್‌ಗೆ ಸಹಿ ಹಾಕಿಸಲು ಬಂದ. ಬಾಗಿಲ ಕಡೆ ಒಮ್ಮೆ ನೋಡಿ, "ಅಣ್ಣಂಗೆ ಟ್ರೋಫಿ ಮೇಲೇನೂ ಕೋಪ ಇಲ್ಲ ಸಾರ್. ಪುಣೆಯವರು ಬಂದಿದ್ರಲ್ಲ, ಅವತ್ತು ಬೇಜಾರಾಗಿತ್ತು" ಅಂದ. ಏನಾಯಿತು ಅವತ್ತು ಎಂದು ಕೇಳಬೇಕೆಂದುಕೊಂಡೆ. ಕೇಳುವ ಮೊದಲೇ ನೆನಪಾಯಿತು.

ಅದಕ್ಕೂ ಆರು ತಿಂಗಳ ಹಿಂದಿನ ಮಾತು. ಪುಣೆಯ ಗಿರಾಕಿಯೊಬ್ಬರಿಗೆ ತೆಳು ಗೋಡೆಯ ಬುಷ್, ಅಂದರೆ ಲೋಹದ ಗಿಡ್ಡ ಕೊಳವೆ, ಮಾಡಿ ಕಳಿಸುತ್ತಿದ್ದೆವು. ಗೋಡೆ ಮೂರು ಮಿಲಿಮೀಟರ್ ಮಾತ್ರ. ಎಂಟುನೂರರಲ್ಲಿ ನೂರನಲವತ್ತು ವಾಪಸ್ ಬಂದವು: ಬೋರ್, ಅಂದರೆ ಒಳಗಿನ ತೂತು, ದುಂಡಗಿಲ್ಲ. ಒಳ ಅಳತೆ ನೋಡುವ ನಮ್ಮ ಡಯಲ್ ಬೋರ್ ಗೇಜ್ ಹಾಕಿದರೆ ಎಲ್ಲವೂ ಓಕೆ. ತಿರುಗಿಸಿ ತಿರುಗಿಸಿ ನೋಡಿದರೂ ಓಕೆ. ಗಿರಾಕಿ ಬೇಕೆಂದೇ ರೇಟು ಇಳಿಸಲು ಆಟ ಆಡುತ್ತಿದ್ದಾರೆ ಎಂದು ನಾನು ಫೋನಿನಲ್ಲಿ ಕೂಗಾಡಿದ್ದೂ ಆಯಿತು.

ಅಣ್ಣ ಕೂಗಾಡಲಿಲ್ಲ. ತೂತಿನೊಳಗೆ ತೂರಿಸಿ ಪರೀಕ್ಷಿಸುವ ದುಂಡು ಕಡ್ಡಿ, ಪ್ಲಗ್ ಗೇಜಿಗೆ, ತೆಳ್ಳಗೆ ನೀಲಿ ಬಣ್ಣ ಹಚ್ಚಿ, ವಾಪಸ್ ಬಂದ ಬುಷ್ಷೊಳಗೆ ತೂರಿಸಿ, ತೆಗೆದು ನನಗೆ ತೋರಿಸಿದರು. ನೀಲಿ ಸುತ್ತಲೂ ಅಂಟಿರಲಿಲ್ಲ. ಮೂರು ಕಡೆ ಮಾತ್ರ ಅಂಟಿತ್ತು. ಲೇತಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಭಾಗಕ್ಕೆ ಚಕ್ ಅನ್ನುತ್ತೇವೆ, ಕಚ್ಚುವ ದವಡೆಗೆ ಜಾ. "ಚಕ್ಕಿಗೆ ಎಷ್ಟು ದವಡೆ ಸಾರ್? ಮೂರು. ಟೀ ಅಂಗಡಿ ಪ್ಲಾಸ್ಟಿಕ್ ಲೋಟನ ಮೂರು ಬೆರಳಲ್ಲಿ ಅಮುಕಿ ಹಿಡಿದು ನೋಡಿ. ಹಂಗೇ ಇದು. ಅಮುಕಿದಾಗ ದುಂಡಗೆ ಕೊರೆದ್ವಿ. ಬಿಟ್ಟ ಮೇಲೆ ಅದು ತನ್ನ ಪಾಡಿಗೆ ತಾನು ಹಿಗ್ತು, ಬೋರು ಮೂರು ಮೂಲೆ ಆಯ್ತು." ಮೂರು ಮೂಲೆಯ ಆಕಾರವನ್ನು ಎದುರುಬದುರು ಎರಡು ತುದಿ ತಾಗಿಸಿ ಅಳೆದರೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಅಳತೆ ತೋರಿಸುತ್ತದೆ. ಹಾಗಾಗಿ ನಮ್ಮ ಗೇಜಿಗೆ ಅದು ಕಾಣಲೇ ಇಲ್ಲ. ಇಂಜಿನಿಯರಿಂಗ್ ಓದಿದ ನನಗೂ ಕಾಣಲಿಲ್ಲ ಎನ್ನುವುದನ್ನು ಇಲ್ಲಿ ಬರೆದುಬಿಡುವುದು ಒಳ್ಳೆಯದು.

ಆಮೇಲೆ ಮೂರು ಸಂಜೆ ಅವರು ಶಿಫ್ಟ್ ಮುಗಿದ ಮೇಲೂ ಉಳಿದರು. ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ದಪ್ಪ ರಿಂಗೊಂದನ್ನು ಮೂರು ತುಂಡು ಮಾಡಿ, ಒಂದೊಂದನ್ನು ಒಂದೊಂದು ಸಾಫ್ಟ್ ಜಾಗೆ, ಅಂದರೆ ಬೇಕಾದ ಅಳತೆಗೆ ಕೊರೆಯಬಹುದಾದ ಮೆದು ದವಡೆಗೆ, ವೆಲ್ಡ್ ಮಾಡಿಸಿ, ಚಕ್ಕಿಗೆ ಕಟ್ಟಿ, ಬುಷ್ಷಿನ ಹೊರ ಅಳತೆಗೆ ಸರಿಯಾಗಿ ಅಲ್ಲೇ ಬೋರ್ ಮಾಡಿದರು. ಈಗ ಹಿಡಿತ ಮೂರು ಬೆರಳಿನದಲ್ಲ, ಇಡೀ ಅಂಗೈಯದು. ಮುಂದಿನ ಲಾಟಿನಲ್ಲಿ ವಾಪಸ್ ಬಂದದ್ದು ಎರಡು ಪೀಸು.

ಪುಣೆಯಿಂದ ಅವರ ಕ್ವಾಲಿಟಿ ಇಂಜಿನಿಯರ್ ನೋಡಲು ಬಂದರು. ಹೊಸ ದವಡೆಗಳನ್ನು ಬಗ್ಗಿ ನೋಡಿ, ಯಾರು ಮಾಡಿದ್ದು ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣ ಎರಡು ಹೆಜ್ಜೆ ಆಚೆ ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನಾನು, "ನಮ್ಮ ಟೀಮ್ ಡೆವಲಪ್ ಮಾಡಿದ್ದು" ಅಂದೆ. ಸುಳ್ಳೇನಲ್ಲ ಎಂದು ಆಗ ಅನಿಸಿತ್ತು. ಟೀಮ್ ಎಂದರೆ ಯಾರು? ಸಂಜೆ ಆರಕ್ಕೇ ಕಾರು ಹತ್ತಿದ ನಾನೇ? ಇಂಜಿನಿಯರ್ ನನ್ನ ಕೈ ಕುಲುಕಿದರು. ಅಣ್ಣ ಮೆಷಿನ್ ಆನ್ ಮಾಡಿದರು.

ಆ ಟ್ರೋಫಿಯಿಂದ ಇನ್ನೊಂದು ಕೆಲಸವೂ ಕೆಟ್ಟಿತ್ತು. ಸೆಕೆಂಡ್ ಶಿಫ್ಟಿನ ಆಪರೇಟರೊಬ್ಬ, "ನಮ್ಮ ಮೆಷಿನ್ ರಿಜೆಕ್ಷನ್ ಎಷ್ಟು ಕಮ್ಮಿ ಇತ್ತು ಅಂತ ನೋಡಿದ್ರಾ ಸಾರ್?" ಎಂದು ನಗುತ್ತಲೇ ಕೇಳಿದ್ದ. ನೋಡಿರಲಿಲ್ಲ. ಶೆಡ್ ಗುಡಿಸುವ ಅಕ್ಕ ಸಿಪ್ಪೆಯಲ್ಲಿ ಅಲ್ಯೂಮಿನಿಯಂ, ಉಕ್ಕು ಬೇರೆ ಬೇರೆ ಇಡುವುದರಿಂದಲೇ ನಮಗೆ ಸ್ಕ್ರ್ಯಾಪಿಗೆ ಒಳ್ಳೆಯ ರೇಟು ಸಿಗುತ್ತಿತ್ತು. ಅದೂ ನನಗೆ ಗೊತ್ತಾದದ್ದು ಅವರು ರಜೆ ಹಾಕಿದ ವಾರ, ಸ್ಕ್ರ್ಯಾಪಿನವನು ಗೊಣಗಿದಾಗ.

ಮೊದಲು ಲೆಕ್ಕ ಸರಿಮಾಡಿದೆ. ಆ ಮೂರು ಸಂಜೆಯ ಓಟಿಯನ್ನು, ಅಂದರೆ ಹೆಚ್ಚುವರಿ ದುಡಿದ ಗಂಟೆಗಳನ್ನು, ಅಣ್ಣ ಬರೆಸಿರಲೇ ಇಲ್ಲ. ಓಟಿಗೆ ಎರಡರಷ್ಟು ಕೂಲಿ ಎನ್ನುವುದು 1948ರ ಫ್ಯಾಕ್ಟರಿ ಕಾಯ್ದೆಯಿಂದ ಬಂದದ್ದು, ಅದಕ್ಕೆ ಶಾಲು ಹೊದಿಸಬೇಕಿಲ್ಲ. ಕವರ್ ಕೊಟ್ಟಾಗ ಎಣಿಸಿ, "ಒಂಬತ್ತು ಗಂಟೆ ಅಲ್ಲ ಸಾರ್, ಎಂಟೂವರೆ" ಎಂದು ಚಿಲ್ಲರೆ ವಾಪಸ್ ಕೊಡಲು ಬಂದರು. ಇಟ್ಟುಕೊಳ್ಳಿ ಎಂದು ಒಪ್ಪಿಸುವಷ್ಟರಲ್ಲಿ ಟೀ ಆರಿತ್ತು.

ಆಮೇಲೆ ಪುಣೆಗೆ ಫೋನ್ ಮಾಡಿ, ಆ ದವಡೆ ಮಾಡಿದವರು ನಮ್ಮ ಟರ್ನರ್, ಅವತ್ತು ನಾನು ತಪ್ಪಾಗಿ ಹೇಳಿದೆ ಅಂದೆ. ಆರು ತಿಂಗಳ ಮೇಲೆ ಇಂಥದ್ದನ್ನು ಹೇಳಲು ಎಷ್ಟು ಮುಜುಗರ ಅಂತೀರಿ. ಅವರಿಗೆ ಅದೇನು ದೊಡ್ಡ ವಿಷಯವಲ್ಲ. "ಹಾಗಾದರೆ ಅದರ ಡ್ರಾಯಿಂಗ್ ಇದ್ದರೆ ಕಳಿಸಿ, ನಮ್ಮ ಬೇರೆ ಸಪ್ಲೈಯರ್‌ಗಳಿಗೂ ತೋರಿಸಬೇಕು" ಅಂದರು.

ಡ್ರಾಯಿಂಗ್ ಎಲ್ಲಿತ್ತು? ಎಲ್ಲ ಅಣ್ಣನ ತಲೆಯಲ್ಲಿ, ಒಂದಿಷ್ಟು ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ. ವಾರಕ್ಕೆರಡು ದಿನ ಬರುವ ಕ್ಯಾಡ್ ಹುಡುಗ ಅವರ ಪಕ್ಕ ಕೂತು ಅಳತೆ, ಅದು ಎಷ್ಟು ಹೆಚ್ಚುಕಮ್ಮಿ ಆಗಬಹುದೆನ್ನುವ ಟಾಲರೆನ್ಸ್, ಎಲ್ಲ ಕೇಳಿ ಕೇಳಿ ಬರೆದ. ಡ್ರಾಯಿಂಗ್ ಹಾಳೆಯ ಬಲಮೂಲೆಯಲ್ಲಿ ಸಣ್ಣ ಚೌಕಗಳಿರುತ್ತವೆ: ಡ್ರಾನ್ ಬೈ, ಚೆಕ್ಡ್ ಬೈ, ಅಪ್ರೂವ್ಡ್ ಬೈ. ನಮ್ಮಲ್ಲಿ ಮೂರರಲ್ಲೂ ನನ್ನ ಇನಿಷಿಯಲ್ಲೇ ಇರುತ್ತಿತ್ತು, ಅಪ್ಪನ ಕಾಲದಲ್ಲಿ ಅಪ್ಪನದು. ಮೇಲೆ ಇನ್ನೊಂದು ಚೌಕ ಹಾಕಿಸಿ 'ಡಿಸೈನ್ಡ್ ಬೈ' ಎಂದು ಅಣ್ಣನ ಪೂರ್ತಿ ಹೆಸರು ಬರೆಸಿದೆ. ಊರಿನ ಇನಿಷಿಯಲ್ ಸಮೇತ.

ಪ್ರಿಂಟ್ ತೆಗೆದು ಮೆಷಿನ್ ಹತ್ತಿರ ಒಯ್ದು ಕೊಟ್ಟೆ. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಮೂಲೆಯನ್ನು ನೋಡಿದರು. ಏನೂ ಅನ್ನಲಿಲ್ಲ. ಹುಡುಗನ ಮೊಬೈಲ್ ಇಸಕೊಂಡು ಆ ಮೂಲೆಯ ಒಂದು ಫೋಟೋ ತೆಗೆಸಿ, ಮಗಳಿಗೆ ಕಳಿಸು ಎಂದು ನಂಬರ್ ಹೇಳಿದರು.

ನಾನು ಆಫೀಸಿನ ಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಕರೆದರು.

"ಸಾರ್, ಇದನ್ನ ಈಗಲೇ ಪುಣೆಗೆ ಕಳಿಸ್ಬೇಡಿ. ಒಳ ಅಳತೆಗೆ ಟಾಲರೆನ್ಸ್ ತಪ್ಪು ಹಾಕವ್ನೆ ನಿಮ್ ಹುಡುಗ. ನನ್ ಹೆಸರಿದೆ ಇದ್ರಲ್ಲಿ."